ಅಲ್ಯೂಮಿನಿಯಂ ಪೈಪಿಗೆ ತೂತು ಬೀಳುವುದೇಕೆ?



ಅಲ್ಯೂಮಿನಿಯಂ ಇಲ್ಲದ ಮನೆ ಈಗ ಹಳ್ಳಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅನ್ನದ ತಪ್ಪಲೆ, ಹಾಲಿನ ಕ್ಯಾನು, ತೋಟಕ್ಕೆ ನೀರು ಹಾರಿಸುವ ಜೆಟ್ಟಿನ ಪೈಪು, ಎಲ್ಲವೂ ಅದರದೇ. ಹೊರಲು ಹಗುರ, ನೋಡಲು ಹೊಳಪು, ಕಬ್ಬಿಣದ ಹಾಗೆ ಕೆಂಪು ತುಕ್ಕು ಉದುರುವುದಿಲ್ಲ. ಇಷ್ಟೆಲ್ಲ ಗುಣ ಇರುವುದರಿಂದ ಅದನ್ನು ನಾವು ಕಣ್ಣು ಮುಚ್ಚಿ ನಂಬಿಬಿಟ್ಟಿದ್ದೇವೆ. ಹಾಗೆ ನಂಬಿ ಮೋಸಹೋದವರಲ್ಲಿ ನಾನೂ ಒಬ್ಬ. ನಾನು ಮೋಸಹೋದದ್ದಲ್ಲದೆ ಇನ್ನೊಬ್ಬರ ಬೆಳೆಯನ್ನೂ ಕೆಡಿಸಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಕೊಪ್ಪ ತಾಲ್ಲೂಕಿನ ಒಂದು ಊರಿನಲ್ಲಿ ಹಿರಿಯರೊಬ್ಬರು ಅಡಿಕೆ ತೋಟದ ಜೊತೆಗೆ ಮೂರು ಎಕರೆ ರೊಬಸ್ಟಾ ಕಾಫಿ ಮಾಡಿದ್ದರು. ಸೊಸೈಟಿಯಲ್ಲಿ ಸಾಲ ಎತ್ತಿ ಒಂದು ಪಂಪು, ಮೂವತ್ತು ಅಲ್ಯೂಮಿನಿಯಂ ಪೈಪು ತಂದಿದ್ದರು. ಮೇ ತಿಂಗಳ ಕೊನೆ. ಮಳೆ ತಲೆಯ ಮೇಲೆ ಬಂದಿತ್ತು. "ಈ ಪೈಪು ಎಲ್ಲಿಡೋದು?" ಎಂದು ಕೇಳಿದರು. ನಾನು ಯೋಚನೆಯನ್ನೇ ಮಾಡದೆ, "ಎಲ್ಲಾದರೂ ಇಡಿ ಗೌಡ್ರೇ, ಇದಕ್ಕೇನು ತುಕ್ಕು ಹಿಡಿಯೋದಿಲ್ಲ" ಎಂದುಬಿಟ್ಟೆ. ಅವರು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಪೈಪುಗಳನ್ನು ಅಡ್ಡಡ್ಡ ಪೇರಿಸಿದರು. ಅವುಗಳ ಮೇಲೆ ಹಲಗೆ ಹಾಕಿ, ಕೊಳೆರೋಗಕ್ಕೆ ತಂದಿದ್ದ ಮೈಲುತುತ್ತದ ಚೀಲವನ್ನೂ ಪೊಟ್ಯಾಷ್ ಗೊಬ್ಬರದ ಚೀಲವನ್ನೂ ಇಟ್ಟರು.

ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಪೊಟ್ಯಾಷ್ ತೇವ ಎಳೆದು ಕರಗಿತು, ಮೈಲುತುತ್ತವೂ ಕರಗಿತು, ಹಲಗೆಯ ಸಂದಿಯಿಂದ ಹನಿಹನಿಯಾಗಿ ಕೆಳಗಿಳಿಯಿತು. ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಫೆಬ್ರವರಿಯಲ್ಲಿ ಹೂಮಳೆ ಕೊಡಬೇಕು. ಮೊಗ್ಗು ಹದಕ್ಕೆ ಬಂದಿತ್ತು. ಪೈಪು ಜೋಡಿಸಿ ಪಂಪು ಹಾಕಿದರೆ, ಜೆಟ್ಟು ತಿರುಗುವ ಬದಲು ಪೈಪಿನ ಮೈಯಿಂದಲೇ ಪಿಚಕಾರಿ ಹಾರತೊಡಗಿತು! ಮೂವತ್ತರಲ್ಲಿ ಹನ್ನೊಂದು ಪೈಪು ತೂತು. ಒತ್ತಡವೇ ನಿಲ್ಲದಿದ್ದರೆ ಜೆಟ್ಟು ಹೇಗೆ ತಿರುಗೀತು? ಸೈಕಲ್ ಟ್ಯೂಬು ಕಟ್ಟಿ, ಅಲ್ಲಿ ಇಲ್ಲಿ ಪೈಪು ಸಾಲ ತಂದು ಒಂದು ಭಾಗಕ್ಕೆ ನೀರು ಕೊಟ್ಟರು. ಇನ್ನೊಂದು ಭಾಗಕ್ಕೆ ಹೋಗುವ ಹೊತ್ತಿಗೆ ಮೊಗ್ಗು ಒಣಗಿ ಕರಕಲಾಗಿತ್ತು. ಆ ವರ್ಷ ಆ ಭಾಗದಲ್ಲಿ ಫಸಲೇ ಇಲ್ಲ. ಸಾಲದ ಬಡ್ಡಿ ಮಾತ್ರ ತಪ್ಪಲಿಲ್ಲ.

ಸುದ್ದಿ ಕೇಳಿ ನಾನು ಹೋದಾಗ ಅವರು ಬೈಯಲಿಲ್ಲ. "ಏನು ಮಾರಾಯ್ರೇ, ತುಕ್ಕು ಹಿಡಿಯೋದಿಲ್ಲ ಅಂದಿದ್ರಲ್ಲ ನೀವು?" ಎಂದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ಪೈಪಿನ ತಯಾರಿಕೆಯೇ ಸರಿಯಿಲ್ಲವೆಂದು ನಾನು ಏನೇನೋ ಹೇಳುತ್ತಿರುವಾಗ ಮನೆಯ ಅಮ್ಮನವರು ಒಂದು ಪೈಪನ್ನು ಹೊರಳಿಸಿ, "ನೋಡು ತಮ್ಮಾ, ತೂತೆಲ್ಲ ಒಂದೇ ಮಗ್ಗುಲಲ್ಲಿ ಇದಾವೆ. ಮೇಲೆ ಚೀಲ ಎಲ್ಲಿತ್ತೋ ಅಲ್ಲೇ" ಎಂದರು. ಒಳಗೆ ಹೋಗಿ ನೋಡಿದರೆ ಹಲಗೆಯ ಕೆಳಮೈಯಲ್ಲಿ ಹಸಿರು ಕಲೆ. ಕಾರಣ ಹಿಡಿದದ್ದು ಅವರು, ನಾನಲ್ಲ.

ಹಾಗಾದರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆಯೇ? ಹಿಡಿಯುತ್ತದೆ. ಅದರ ಮೈಯನ್ನು ಒಮ್ಮೆ ಕೆರೆದು ನೋಡಿ. ಕೆರೆದ ಕ್ಷಣದಲ್ಲೇ ಗಾಳಿಯ ಆಮ್ಲಜನಕದೊಡನೆ ಸೇರಿ ಹೊಸ ಮೈ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ನಮ್ಮ ತಲೆಗೂದಲ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಕಬ್ಬಿಣದ ತುಕ್ಕು ಹುಡಿಹುಡಿಯಾಗಿ ಉದುರಿದರೆ ಇದು ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಅಲ್ಯೂಮಿನಿಯಂ ಬಾಳಿಕೆ ಬರುವುದು ಈ ಪೊರೆಯ ಪುಣ್ಯದಿಂದ. ನೀರು ಅತಿ ಹುಳಿಯಾದರೂ ಅತಿ ಕ್ಷಾರವಾದರೂ ಪೊರೆ ಕರಗುತ್ತದೆ. ಪಿ.ಎಚ್. ಸುಮಾರು 4ರಿಂದ 8.5ರ ನಡುವೆ ಇದ್ದರೆ ಕ್ಷೇಮ.

ಆದರೆ ಉಪ್ಪಿನ ಅಂಶ ಇದ್ದಲ್ಲಿ ಬೇರೆಯೇ ಕಥೆ. ಉಪ್ಪಿನಲ್ಲಿರುವ ಕ್ಲೋರೈಡು ಪೊರೆಯನ್ನು ಎಲ್ಲ ಕಡೆಯೂ ಕರಗಿಸುವುದಿಲ್ಲ. ಎಲ್ಲಿ ಪೊರೆ ದುರ್ಬಲವೋ ಅಲ್ಲಿ ಸೂಜಿಮೊನೆಯಷ್ಟು ಜಾಗದಲ್ಲಿ ಹೊಕ್ಕುತ್ತದೆ. ಒಳಗೆ ಲೋಹ ಕರಗಿದಂತೆ ಆ ಗುಳಿಯಲ್ಲಿನ ನೀರು ಹುಳಿಯಾಗುತ್ತದೆ. ಹುಳಿಯಾದಂತೆ ಇನ್ನಷ್ಟು ಕರಗುತ್ತದೆ. ಬಾಯಿಗೆ ಬಿಳಿ ಹಿಟ್ಟಿನಂಥ ಮುಚ್ಚಳ ಕಟ್ಟಿಕೊಂಡು ಹುಳಿ ನೀರು ಹೊರಗೆ ಹೋಗದಂತೆ ತಡೆಯುತ್ತದೆ. ಸುತ್ತಲಿನ ಮೈಯೆಲ್ಲ ಫಳಫಳ, ಒಂದು ಚುಕ್ಕೆಯಲ್ಲಿ ಮಾತ್ರ ಸುರಂಗ! ಪೊಟ್ಯಾಷ್ ಗೊಬ್ಬರ ಎಂದು ನಾವು ಹಾಕುವ ಎಂ.ಒ.ಪಿ. ಎಂದರೆ ಪೊಟ್ಯಾಸಿಯಂ ಕ್ಲೋರೈಡು. ಅಡುಗೆ ಉಪ್ಪಿನ ತಮ್ಮ ಎಂದು ತಿಳಿಯಿರಿ.

ಇನ್ನು ಮೈಲುತುತ್ತ. ಬೋರ್ಡೋ ದ್ರಾವಣ ಮಾಡುವವರಿಗೆಲ್ಲ ಚಾಕುವಿನ ಪರೀಕ್ಷೆ ಗೊತ್ತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಕೂಡಿಸಿದ ಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದುತ್ತೇವೆ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಅಲ್ಲಿ ನಡೆಯುವುದೇನು? ಕಬ್ಬಿಣ ತಾನು ಕರಗಿ ತಾಮ್ರವನ್ನು ಮೈಮೇಲೆ ಕೂರಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಬೇಗ ಕರಗುವ ಜಾತಿ. ಪೊರೆ ಇರುವುದರಿಂದ ಸುಮ್ಮನಿರುತ್ತದೆ. ಉಪ್ಪು ಪೊರೆಯನ್ನು ಒಡೆದುಕೊಟ್ಟಿತೋ, ತಾಮ್ರ ಅಲ್ಲಿ ಬಂದು ಕೂರುತ್ತದೆ. ಕೂತ ತಾಮ್ರದ ಕಣವೂ ಪಕ್ಕದ ಅಲ್ಯೂಮಿನಿಯಮ್ಮೂ ಸೇರಿ ಪುಟ್ಟ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಹಗಲೂ ರಾತ್ರಿ ಸವೆಯುತ್ತದೆ. ಗೌಡರ ಕೋಣೆಯಲ್ಲಿ ಆದದ್ದು ಇದೇ. ಒಂದು ಚೀಲ ಪೊರೆ ಒಡೆಯಿತು, ಇನ್ನೊಂದು ಚೀಲ ತೂತು ಕೊರೆಯಿತು.

ಇದರಲ್ಲಿ ನಷ್ಟವಾಗುವ ಲೋಹವಾದರೂ ಎಷ್ಟು? ನಾನು ಲೆಕ್ಕ ಹಾಕಿ ನೋಡಿದೆ. 75 ಮಿಲಿಮೀಟರ್ ಅಡ್ಡಗಲ, 6 ಮೀಟರ್ ಉದ್ದ, 1.25 ಮಿಲಿಮೀಟರ್ ದಪ್ಪದ ಪೈಪು ಹೆಚ್ಚುಕಡಿಮೆ 4.75 ಕಿಲೋ ತೂಗುತ್ತದೆ. ಅದರಲ್ಲಿ 1 ಮಿಲಿಮೀಟರ್ ಅಗಲದ ಒಂದು ತೂತು ಬೀಳಲು ಕರಗಬೇಕಾದ ಲೋಹ ಮೂರು ಮಿಲಿಗ್ರಾಮೂ ಇಲ್ಲ. ಒಂದು ರಾಗಿ ಕಾಳಿನ ತೂಕ! ಐದು ಕಿಲೋದಲ್ಲಿ ಒಂದು ರಾಗಿ ಕಾಳು ಹೋದರೆ ಪೈಪು ನೀರು ಹಿಡಿಯುವುದಿಲ್ಲ. ಆದ್ದರಿಂದ ತೂಕ ಹಾಕಿ ನೋಡಿದರೆ, ದೂರದಿಂದ ಹೊಳಪು ನೋಡಿದರೆ ಏನೂ ತಿಳಿಯದು. ಸರಾಸರಿ ಸವೆತ ಎಷ್ಟೆಂಬ ಪ್ರಶ್ನೆಯೇ ಇಲ್ಲಿ ದಂಡ. ಅತಿ ಆಳವಾದ ಗುಳಿ ಎಷ್ಟು ಆಳ ಎಂಬುದೊಂದನ್ನೇ ಕೇಳಬೇಕು.

ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆಯಂಥ ಕಡೆ ಇದನ್ನು ವಿದ್ಯುತ್ತಿನಿಂದ ಅಳೆಯುತ್ತಾರೆ. ಲೋಹದ ತುಂಡನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಪೊರೆ ಒಡೆದು ಕರೆಂಟು ಥಟ್ಟನೆ ಹೆಚ್ಚುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಆ ಹಂತ ಬೇಗ ಬರುತ್ತದೆ. ನಮಗೆ ಆ ಯಂತ್ರ ಬೇಕಿಲ್ಲ. ಒಂದು ಉಂಡೆ ಜೇನುಮೇಣ, ಒಂದು ಹೊಲಿಗೆ ಸೂಜಿ ಇದ್ದರೆ ಸಾಕು.

ಹೀಗೆ ಮಾಡಿ. ಪೈಪನ್ನು ಬಿಸಿಲಿಗೆ ತಂದು ನಿಧಾನವಾಗಿ ಹೊರಳಿಸುತ್ತ ನೋಡಿ. ನೆಲಕ್ಕೆ ತಾಗಿದ್ದ ಮಗ್ಗುಲು, ಒಂದು ಪೈಪು ಇನ್ನೊಂದಕ್ಕೆ ಒತ್ತಿಕೊಂಡಿದ್ದ ಗೆರೆ, ಕಪ್ಲಿಂಗಿನ ರಬ್ಬರು ಕೂರುವ ಜಾಗ, ಇವನ್ನು ಬಿಡಬೇಡಿ. ಬಿಳಿ ಹಿಟ್ಟಿನ ಗುಬುಟು ಕಂಡಲ್ಲಿ ಬಿದಿರಿನ ಕಡ್ಡಿಯಿಂದ ಕೆದಕಿ, ಮೆತ್ತನೆ ಬ್ರಷ್ಷಿನಿಂದ ತೊಳೆದು ಒಣಗಿಸಿ. ಬೆಚ್ಚಗೆ ಮಾಡಿದ ಮೇಣವನ್ನು ಆ ಜಾಗಕ್ಕೆ ಬಲವಾಗಿ ಒತ್ತಿ. ತಣ್ಣೀರು ಹಾಕಿ ಗಟ್ಟಿಯಾದ ಮೇಲೆ ಎಬ್ಬಿಸಿದರೆ ಗುಳಿಯೆಲ್ಲ ಮೇಣದ ಮೇಲೆ ಮೊಳೆಯಂತೆ ಎದ್ದು ನಿಂತಿರುತ್ತದೆ. ಹತ್ತು ಗುಳಿ ಇದ್ದರೂ ಯಾವುದು ಆಳ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೆಲವು ಗುಳಿಗಳ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಅಂಥಲ್ಲಿ ಮೇಣ ಮುರಿದು ಒಳಗೇ ಉಳಿಯುತ್ತದೆ. ಅದಕ್ಕೆ ಸೂಜಿ. ಬಾಟಲಿಯ ಬಿರಡೆಯನ್ನು ಬಿಲ್ಲೆಯಾಗಿ ಕತ್ತರಿಸಿ ಅದರ ಮೂಲಕ ಸೂಜಿ ತೂರಿಸಿ. ಬಿಲ್ಲೆ ಪೈಪಿನ ಮೈಮೇಲೆ ಕೂರಬೇಕು, ಸೂಜಿಮೊನೆ ಗುಳಿಯ ತಳ ಮುಟ್ಟಬೇಕು. ಹಾಗೇ ಎತ್ತಿ, ಬಿಲ್ಲೆಯಿಂದ ಹೊರಬಂದ ಮೊನೆ ಎಷ್ಟೆಂದು ಅಳೆಯಿರಿ. ಪೇಟೆಯಲ್ಲಿ ಲೇತ್ ಕೆಲಸ ಮಾಡುವವರ ಹತ್ತಿರ ಡಯಲ್ ಗೇಜು ಇರುತ್ತದೆ. ಅದಕ್ಕೆ ಚೂಪು ಮೊನೆ ಹಾಕಿಸಿದರೆ ಮಿಲಿಮೀಟರಿನ ನೂರನೇ ಒಂದು ಪಾಲನ್ನೂ ತೋರಿಸುತ್ತದೆ. ಪೈಪಿನ ದಪ್ಪವನ್ನೂ ಅವರಲ್ಲೇ ಅಳೆಯಿಸಿ ಬರೆದಿಡಿ.

ಎಲ್ಲ ಪೈಪನ್ನೂ ಅಳೆಯುತ್ತ ಕೂರಬೇಕಿಲ್ಲ. ಕಣ್ಣಿಗೆ ಕೆಟ್ಟದಾಗಿ ಕಂಡ ಮೂರು ಪೈಪು ಆರಿಸಿ, ಒಂದೊಂದರಲ್ಲಿ ಆಳವಾದ ಐದು ಗುಳಿ ಅಳೆದು, ಸುತ್ತ ಬಣ್ಣದಲ್ಲಿ ಗುರುತು ಹಾಕಿ, ತಾರೀಖು ಸಹಿತ ಪುಸ್ತಕದಲ್ಲಿ ಬರೆಯಿರಿ. ಬರುವ ವರ್ಷ ಅದೇ ಗುಳಿಯನ್ನು ಅಳೆಯಿರಿ.

ಅಳೆದು ಏನು ಪ್ರಯೋಜನ ಎನ್ನುತ್ತೀರಾ? ಇಲ್ಲಿ ಒಂದು ಸಂತೋಷದ ಸಂಗತಿ ಇದೆ. ಕೆನಡಾದ ಗೊಡಾರ್ಡ್ ಎಂಬ ವಿಜ್ಞಾನಿ 1960ರಲ್ಲಿ ಪ್ರಕಟಿಸಿದಂತೆ, ಕೆರೆ ಹೊಳೆಗಳ ನೀರಿನಲ್ಲಿ ಅಲ್ಯೂಮಿನಿಯಂ ಗುಳಿ ಮೊದಮೊದಲು ಬೇಗ ಆಳವಾಗಿ, ಬರಬರುತ್ತ ಬಹಳ ನಿಧಾನವಾಗುತ್ತದೆ. ಆಳ ಎರಡರಷ್ಟಾಗಲು ಎಂಟರಷ್ಟು ಕಾಲ ಬೇಕು. ಮೊದಲ ವರ್ಷದ ಕೊನೆಗೆ ಅರ್ಧ ಮಿಲಿಮೀಟರ್ ಆಗಿದ್ದರೆ, ಒಂದು ಮಿಲಿಮೀಟರ್ ಆಗಲು 8 ವರ್ಷ, ಒಂದೂಕಾಲು ಮಿಲಿಮೀಟರ್ ಪೈಪನ್ನು ದಾಟಲು ಹದಿನೈದೂವರೆ ವರ್ಷ. ಇದೇ ಲೆಕ್ಕದಲ್ಲಿ, ಹೊಸ ಪೈಪು ಕೊಳ್ಳುವಾಗ 1.25 ಮಿಲಿಮೀಟರಿನ ಬದಲು 1.6 ಮಿಲಿಮೀಟರ್ ದಪ್ಪದ್ದು ತಂದರೆ ಆಯುಷ್ಯ ಸುಮಾರು ಇಮ್ಮಡಿ. ಅಂಗಡಿಯವರು ದಪ್ಪ ಹೇಳದಿದ್ದರೆ ನೀವೇ ಕೇಳಬೇಕು. ಆದರೆ ನೆನಪಿಡಿ, ಈ ಲೆಕ್ಕ ನೀರು ಒಂದೇ ಬಗೆಯದಾಗಿದ್ದರೆ ಮಾತ್ರ. ನಡುವೆ ತಾಮ್ರ ಬಂದು ಸೇರಿದರೆ ಹದಿನೈದು ವರ್ಷದ ಕೆಲಸ ಒಂದು ಮಳೆಗಾಲದಲ್ಲೇ ಮುಗಿಯುತ್ತದೆ. ಮರುವರ್ಷ ಅಳೆದಾಗ ಗುಳಿ ಲೆಕ್ಕ ಮೀರಿ ಇಳಿದಿದ್ದರೆ, ಏನೋ ಹೊಸ ಶತ್ರು ಬಂದಿದೆ ಎಂದು ತಿಳಿದು ಹುಡುಕಿ. ಗುಳಿ ದಪ್ಪದ ಅರ್ಧ ದಾಟಿದ ಪೈಪನ್ನು ಎಸೆಯಬೇಡಿ. ಪಂಪಿನ ಹತ್ತಿರ ಹಾಕದೆ ಸಾಲಿನ ಕೊನೆಗೆ, ಒತ್ತಡ ಕಡಿಮೆ ಇರುವಲ್ಲಿ ಹಾಕಿ.

ತೂತು ಬಿದ್ದಿದೆಯೋ ಇಲ್ಲವೋ ಎಂಬ ಸಂದೇಹವಿದ್ದರೆ ಪೈಪಿನ ಹೊರಮೈಗೆ ಸೀಮೆಸುಣ್ಣ ಅರೆದು ಬಳಿದು ಒಣಗಿಸಿ, ಒಳಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಹೊರಳಿಸಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು. ಕೂದಲಷ್ಟು ಬಿರುಕಿದ್ದರೂ ಸುಣ್ಣದ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ. ಹಾಲಿನ ಕ್ಯಾನಿಗೆ ಮಾತ್ರ ಈ ಪರೀಕ್ಷೆ ಮಾಡೀರಿ ಜೋಕೆ. ಆ ವಾಸನೆ ಆರು ತಿಂಗಳಾದರೂ ಹೋಗದು.

ಇನ್ನು ತಡೆಯುವುದು ಹೇಗೆ? ಮುಖ್ಯವಾದದ್ದು ತಾಮ್ರವನ್ನು ದೂರವಿಡುವುದು. ಮೈಲುತುತ್ತವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಎಂದೂ ಕರಗಿಸಬೇಡಿ. ಪ್ಲಾಸ್ಟಿಕ್ ಡ್ರಮ್ಮು ಇಲ್ಲವೆ ಮರದ ಪೀಪಾಯಿ ಇರಲಿ. ಸುಣ್ಣ ಸೇರಿಸಿ ಸಮ ಮಾಡಿದ ಬೋರ್ಡೋ ಆದರೆ ಪರವಾಗಿಲ್ಲವೇ ಎಂದು ಕೇಳುವವರುಂಟು. ಅದೂ ಬೇಡ. ತಾಮ್ರದ ಕಾಟ ತಪ್ಪಿದರೆ ಸುಣ್ಣದ ಕ್ಷಾರದ ಕಾಟ. ಮೈಲುತುತ್ತದ ಕೈ ತೊಳೆದ ನೀರು, ಸಿಂಪಡಿಸುವ ಗನ್ ತೊಳೆದ ನೀರು ಪೈಪಿನ ಮೇಲೆ ಬೀಳದಿರಲಿ. ಸಾವಿರ ಲೀಟರ್ ನೀರಿನಲ್ಲಿ ಒಂದು ಚಿಟಿಕೆ ತಾಮ್ರ ಇದ್ದರೂ, ಜೊತೆಗೆ ಉಪ್ಪೂ ಗಡಸುತನವೂ ಸೇರಿದರೆ ಗುಳಿ ಏಳುತ್ತದೆ. ಆದ್ದರಿಂದ ಬೋರ್‌ವೆಲ್ ನೀರಿನವರು ಮಣ್ಣು ಪರೀಕ್ಷೆಗೆ ಕೊಡುವಾಗ ಒಂದು ಬಾಟಲಿ ನೀರನ್ನೂ ಕೊಟ್ಟು ಕ್ಲೋರೈಡು ಎಷ್ಟೆಂದು ಕೇಳಿ. ಹಿತ್ತಾಳೆಯ ಜೆಟ್ಟನ್ನು ಅಲ್ಯೂಮಿನಿಯಮ್ಮಿಗೆ ನೇರವಾಗಿ ತಿರುಗಿಸಿ ಕೂರಿಸಬೇಡಿ. ಹಿತ್ತಾಳೆಯಲ್ಲಿ ತಾಮ್ರವೇ ಹೆಚ್ಚು. ನಡುವೆ ಜಿ.ಐ. ಅಥವಾ ಪ್ಲಾಸ್ಟಿಕ್ ತುಂಡು ಇರಲಿ. ಜಿ.ಐ. ಮೇಲಿನ ಸತುವು ಅಲ್ಯೂಮಿನಿಯಮ್ಮಿಗೆ ಸ್ನೇಹಿತ; ತಾನು ಕರಗಿ ಅದನ್ನು ಉಳಿಸುತ್ತದೆ. ಈ ಗುಣ ಕಂಡೇ ಅಮೆರಿಕದಲ್ಲಿ ನೀರಾವರಿ ಪೈಪುಗಳಿಗೆ ಒಂದು ಉಪಾಯ ಮಾಡಿದರು. ನೂರಕ್ಕೆ ಒಂದು ಪಾಲು ಸತುವು ಬೆರೆತ ಅಲ್ಯೂಮಿನಿಯಮ್ಮಿನ ತೆಳು ತೊಗಲನ್ನು ಪೈಪಿಗೆ ಹೊದಿಸಿದರು. ಗುಳಿ ಆ ತೊಗಲನ್ನು ದಾಟಿ ಒಳಗಿಳಿಯದೆ ಪಕ್ಕಕ್ಕೆ ಹರಡುತ್ತದೆ; ತೂತು ಬೀಳುವುದಿಲ್ಲ.

ಗೊಬ್ಬರವನ್ನು ನೀರಿನಲ್ಲಿ ಬೆರೆಸಿ ಬಿಡುವವರು ಕೊನೆಗೆ ಹದಿನೈದು ನಿಮಿಷ ಬರೀ ನೀರು ಹರಿಸಿ ಪೈಪು ತೊಳೆಯಬೇಕು. ಕೆಲಸ ಮುಗಿದ ಮೇಲೆ ಪೈಪಿನಲ್ಲಿ ನೀರು ನಿಲ್ಲಿಸಬೇಡಿ. ಹರಿಯುವ ನೀರಿಗಿಂತ ನಿಂತ ನೀರು, ಅದರಲ್ಲೂ ಕೆಸರು ಕೂತ ನೀರು ಹೆಚ್ಚು ಕೆಡುಕು. ಮಳೆಗಾಲಕ್ಕೆ ಮುಂಚೆ ತೊಳೆದು, ಬಿಸಿಲಲ್ಲಿ ಒಣಗಿಸಿ, ಸೂರಿನಡಿ ಕವಲು ಹೊಡೆದು, ನೀರು ಇಳಿದುಹೋಗುವಂತೆ ಒಂದು ತುದಿ ತಗ್ಗಾಗಿ ಇಡಿ. ಎರಡು ಸಾಲಿನ ನಡುವೆ ಒಣಗಿದ ಅಡಿಕೆ ದಬ್ಬೆ ಹಾಕಿ, ಗಾಳಿಯಾಡಬೇಕು. ಹೊಸ ಸಿಮೆಂಟು ನೆಲದ ಮೇಲೂ ಇಡಬಾರದು, ತೇವಗೊಂಡ ಸಿಮೆಂಟು ಬಲು ಕ್ಷಾರ.

ತಾಯಂದಿರಿಗೆ ಎರಡು ಮಾತು. ಈಗ ಬಹಳ ಕಡೆ ಸ್ಟೀಲ್ ಕ್ಯಾನು ಬಂದಿವೆ. ಆದರೂ ಅಲ್ಯೂಮಿನಿಯಂ ಕ್ಯಾನು ಇನ್ನೂ ಎಷ್ಟೋ ಮನೆಗಳಲ್ಲಿ ಉಂಟು. ಅದರ ಒಳಮೈಯಲ್ಲಿ ಗುಳಿ ಬಿದ್ದರೆ ಸೋರುವುದಕ್ಕೆ ಬಹಳ ಮುಂಚೆಯೇ ಹಾಲು ಹುಳಿಯುತ್ತದೆ. ಗುಳಿಯೊಳಗೆ ನಿಂತ ಹಾಲನ್ನು ಯಾವ ಬ್ರಷ್ಷೂ ತೆಗೆಯಲಾರದು. ನಿನ್ನೆಯ ಆ ಹನಿ ಇವತ್ತಿನ ಹಾಲಿಗೆ ಹೆಪ್ಪು. ಡೈರಿಯಲ್ಲಿ ಹಾಲು ವಾಪಸ್ಸಾದರೆ ಹಸುವನ್ನು ಬೈಯುವ ಮೊದಲು ಕ್ಯಾನಿನ ತಳವನ್ನು ಬೆರಳಿನಿಂದ ಸವರಿ ನೋಡಿ. ಬೂದಿ ಹಾಕಿ ಉಜ್ಜುವುದು ನಮ್ಮ ಹಳೆಯ ರೂಢಿ. ಹಿತ್ತಾಳೆಗೆ ಅದು ಸರಿ, ಅಲ್ಯೂಮಿನಿಯಮ್ಮಿಗೆ ಅಲ್ಲ. ಬೂದಿ ಕ್ಷಾರ, ಪೊರೆಯನ್ನು ಕರಗಿಸುತ್ತದೆ. ಬಟ್ಟೆ ಸೋಡಾ ಕೂಡ ಹಾಗೆಯೇ. ಡೈರಿಗಳಿಗೆಂದು ಮಾಡುವ ತೊಳೆಯುವ ಪುಡಿಗಳಲ್ಲಿ ಸೋಡಿಯಂ ಸಿಲಿಕೇಟ್ ಸೇರಿದ್ದುಂಟು; ಸೋಡಾ ಪೊರೆಯನ್ನು ತಿನ್ನಲು ಬಂದರೆ ಸಿಲಿಕೇಟು ಅಡ್ಡ ನಿಂತು ತಡೆಯುತ್ತದೆ. ಅಂಥದೇ ಪುಡಿ ಕೇಳಿ ತನ್ನಿ. ಬ್ಲೀಚಿಂಗ್ ನೀರು ಹಾಕಿ ರಾತ್ರಿಯೆಲ್ಲ ಬಿಡುವ ಅಭ್ಯಾಸ ಕೆಲವರಿಗಿದೆ. ಕೂಡದು. ಅದರಲ್ಲಿ ಕ್ಲೋರೈಡೂ ಇದೆ, ಕ್ಷಾರವೂ ಇದೆ. ಶುದ್ಧ ನೀರಿನಲ್ಲಿ ಎರಡು ಸಲ ತೊಳೆದು, ನೆಲಕ್ಕೆ ತಾಗದಂತೆ ಕವುಚಿಡಿ. ಉಪ್ಪಿನಕಾಯಿಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದೆಂದು ನಿಮಗೆ ನಾನು ಹೇಳಬೇಕೆ? ನನಗಿಂತ ಮೊದಲೇ ನಿಮಗೆ ಗೊತ್ತು.

ಯಾರೋ ಕ್ರೋಮೇಟ್ ಎಂಬ ಹಳದಿ ರಾಸಾಯನಿಕ ಬಳಿದರೆ ಗುಳಿ ನಿಲ್ಲುತ್ತದೆ ಎಂದು ಹೇಳಿಯಾರು. ನಿಲ್ಲುವುದು ನಿಜ, ವಿಮಾನಗಳ ಮೈಗೆ ಬಹುಕಾಲ ಅದನ್ನೇ ಬಳಿಯುತ್ತಿದ್ದರು. ಆದರೆ ಅದು ಕ್ಯಾನ್ಸರ್ ತರುವ ವಿಷ. ಹಾಲು ನೀರು ಮುಟ್ಟುವ ವಸ್ತುವಿನ ಹತ್ತಿರ ಅದು ಸುಳಿಯಬಾರದು.

ತೂತು ಬಿದ್ದೇ ಬಿಟ್ಟಿದ್ದರೆ ತಾಮ್ರದ ತಂತಿ, ಹಿತ್ತಾಳೆ ಸ್ಕ್ರೂ ಹಾಕಿ ಮುಚ್ಚಬೇಡಿ. ಒಂದು ತೂತಿನ ಸುತ್ತ ನಾಲ್ಕು ತೂತಾದೀತು. ಬಿಳಿ ಹಿಟ್ಟನ್ನೆಲ್ಲ ಕೆರೆದು, ಒಣಗಿಸಿ, ಎಂ-ಸೀಲ್ ಮೆತ್ತಿ, ಮೇಲೆ ಟ್ಯೂಬಿನ ಪಟ್ಟಿ ಬಿಗಿದರೆ ಎರಡು ಮೂರು ಹಂಗಾಮು ಸಾಗುತ್ತದೆ. ಹಾಲಿನ ಕ್ಯಾನಿಗೆ ಈ ತೇಪೆ ಬೇಡ. ಅದನ್ನು ಗುಜರಿಗೆ ಹಾಕಿ ಸ್ಟೀಲ್ ತನ್ನಿ.

ಆ ಗೌಡರ ಮನೆಯಲ್ಲಿ ಈಗ ಮೈಲುತುತ್ತದ ಚೀಲಕ್ಕೆ ಬೇರೆಯೇ ಮೂಲೆ ಆಗಿದೆ. ತೇಪೆ ಹಾಕಿದ ಏಳು ಪೈಪು ಸಾಲಿನ ತುದಿಯಲ್ಲಿ ಇನ್ನೂ ಕೆಲಸ ಮಾಡುತ್ತಿವೆ. ಪ್ರತಿವರ್ಷ ಸಂಕ್ರಾಂತಿ ಕಳೆದ ವಾರ ಅಮ್ಮನವರೇ ಪೈಪು ಹೊರಳಿಸಿ, ಮೇಣ ಒತ್ತಿ, ಕ್ಯಾಲೆಂಡರಿನ ಹಿಂದೆ ಅಳತೆ ಬರೆದಿಡುತ್ತಾರೆ. ನೀವೂ ಹೂಮಳೆಗೆ ಒಂದು ತಿಂಗಳು ಮುಂಚೆಯೇ ಈ ಕೆಲಸ ಮುಗಿಸಿ, ರಿಪೇರಿಗೆ ಹೊತ್ತು ಸಿಗುತ್ತದೆ. ಮೇಣದ ಅಚ್ಚು ತೆಗೆದು ಅರ್ಥವಾಗದಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ, ಕೂತು ನೋಡೋಣ. ಬಿಸಿಲಲ್ಲಿ ತರಬೇಡಿ, ಕರಗೀತು.